ಹನ್ನೆರಡನೆಯ ಮುಳುಗು

ತಂತಿ ಮತ್ತೆ ನೀರಿಗಿಳಿಯುತ್ತಿದೆ, ತುದಿಯ ಸೋನಾರ್ ಗುಂಡು ಬಿಸಿಲಿನಲ್ಲಿ ಒಮ್ಮೆ ಹೊಳೆದು ಕಪ್ಪಾಯಿತು, ನಲವತ್ತು ಮೀಟರ್, ಎಂಬತ್ತು, ಸಾಕು — ಹೆಲಿಕಾಪ್ಟರ್ ನಿಂತಲ್ಲೇ ನಡುಗುತ್ತಿದೆ, ಹನ್ನೆರಡನೆಯ ಮುಳುಗು ಇದು, ಗುಂಡು ನೀರಿನೊಳಗೆ ಒಂದು ಕೂಗು ಹಾಕುತ್ತದೆ, ಶತ್ರುವಿನ ಜಲಾಂತರ್ಗಾಮಿ ಇದ್ದರೆ ಅದರ ಮೈಗೆ ಬಡಿದು ಮರುದನಿ ಬರಬೇಕು, ಬಂತೆ, ಬಂದ ಹಾಗಾಯಿತು, ಪರದೆಯ ಮೇಲೆ ಬರೀ ಮಸುಕು, ಇಂಥ ಮಸುಕಿಗೆ ಕಿವಿಯೇ ಸಾಕ್ಷಿ, ಏನ್ ಸ್ವಾಮಿಗಳೇ, ಧ್ಯಾನಕ್ಕೆ ಕೂತ್ರಾ, ಇದೆಯೋ ಇಲ್ವೋ ಹೇಳಿ, ಇಂಧನ ಇರೋದು ಎಂಟೇ ನಿಮಿಷಕ್ಕೆ — ಪೈಲಟ್, ತಮಾಷೆಯೇ, ಆದರೆ ದನಿ ಬಿಗಿದಿದೆ. ಹಿಂದೆ ನಮ್ಮ ಹಡಗು ಬರುತ್ತಿದೆ, ಇದೆ ಎಂದರೆ ಅದು ಬೇರೆ ದಾರಿಯಿಲ್ಲದೆ ಬಂಡೆಗಳ ಕಡೆಗೆ ತಿರುಗಬೇಕು, ಇಲ್ಲ ಎಂದರೆ ನೇರ ಇದೇ ನೀರಿನ ಮೇಲೆ ಬರುತ್ತದೆ, ಅದರ ಅಡುಗೆಮನೆಯಲ್ಲಿ ನನ್ನ ಹೆಂಡತಿಯ ತಮ್ಮ ಈರುಳ್ಳಿ ಹೆಚ್ಚುತ್ತಿರುತ್ತಾನೆ, ಭಾವ, ನೀವು ಮೇಲೆ ಕಿವಿ ಕೊಟ್ಟಿದ್ರೆ ನಾನು ಕೆಳಗೆ ಗೊರಕೆ ಹೊಡೀತೀನಿ ಬಿಡಿ ಅಂದಿದ್ದ, ಯಾವ ಕಿವಿಯಪ್ಪಾ, ಬಲಗಿವಿಯಲ್ಲಿ ತಿಂಗಳಿಂದ ಸುಂಯ್ ಎನ್ನುವ ಸದ್ದೊಂದೇ, ಕಿವಿ ಪರೀಕ್ಷೆಯಲ್ಲಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದಿದ್ದರು ಡಾಕ್ಟರು, ಕೇಳಿಸಲಿಲ್ಲ, ಒತ್ತಿದೆ, ಸದ್ದು ಬರುವ ಲಯ ಎಡಗಿವಿಯ ಸರದಿಯಲ್ಲೇ ಸಿಕ್ಕಿಬಿಟ್ಟಿತ್ತು, ನಾಲ್ಕು ಎಣಿಸು, ಒತ್ತು, ನಾಲ್ಕು ಎಣಿಸು, ಒತ್ತು, ತಾತ ಪದ್ಯ ಓದುತ್ತ ಸಾಲಿನ ಕೊನೆಯ ಮಾತನ್ನು ನಮಗೆ ಬಿಡುತ್ತಿದ್ದ, ಗೊತ್ತಿಲ್ಲದ ಪದ್ಯವನ್ನೂ ತಾಳ ಹಿಡಿದು ತುಂಬುತ್ತಿದ್ದೆ, ಭೇಷ್ ಎನ್ನುತ್ತಿದ್ದ, ಡಾಕ್ಟರೂ ಭೇಷ್ ಎಂದರು, ಪಾಸು — ಈಗ ಬಂದದ್ದು ಮರುದನಿಯೋ, ತಾಳಕ್ಕೆ ನಾನೇ ತುಂಬಿದ್ದೋ, ದೇವರೇ, ದಿನವೂ ನಿನ್ನೆದುರು ಕೈಮುಗಿದು ನಿಂತೆ, ಇದೊಂದನ್ನು ಮಾತ್ರ ಹೇಳಲಿಲ್ಲ, ಗುಂಡು ಕೆಳಗೆ ಕತ್ತಲಲ್ಲಿ ನೇತಾಡುತ್ತಿದೆ, ಏಳು ನಿಮಿಷ ಸ್ವಾಮಿಗಳೇ, ಹೇಳಿಬಿಟ್ಟೆ, ನನ್ನ ಬಲಗಿವಿ ಕೆಟ್ಟಿದೆ, ಪರೀಕ್ಷೇಲಿ ಮೋಸ ಮಾಡ್ದೆ, ಇವಳು ಕೇಳ್ಲಿ — ಹೆಡ್‌ಫೋನ್ ಕಳಚಿ ಪಕ್ಕದಲ್ಲಿ ತಂತಿ ಇಳಿಸುವವಳ ಕೈಗಿಟ್ಟೆ, ಪೈಲಟ್ ಒಮ್ಮೆ ತಿರುಗಿ ನೋಡಿದ, ಇನ್ನು ಈ ಸೀಟು ನನ್ನದಲ್ಲ, ಇರಲಿ, ಅವಳು ಕಣ್ಣು ಮುಚ್ಚಿದಳು, ರೆಕ್ಕೆಯ ಆರ್ಭಟ ಬಿಟ್ಟರೆ ನನಗೇನೂ ಇಲ್ಲ, ಎಣಿಸಬಾರದು, ಎಣಿಸುತ್ತಿದ್ದೇನೆ, ಅವಳು ಕಣ್ಣು ತೆರೆದಳು, ತುಟಿ ನೋಡಿ ತಿಳಿದುಕೊಂಡೆ, ಇದೆ ಅಣ್ಣ, ಹತ್ತಿರ ಬರ್ತಿದೆ, ಪೈಲಟ್ ಆಗಲೇ ಹಡಗಿಗೆ ಹೇಳುತ್ತಿದ್ದಾನೆ, ತಿರುಗೀತೆ, ಅಷ್ಟು ದೊಡ್ಡ ಮೈ, ಅಷ್ಟು ಬೇಗ, ಬಂಡೆ ತಪ್ಪಿಸಿ — ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆ ನಾನು, ಕೆಳಗೆ ಕತ್ತಲು, ಕತ್ತಲಲ್ಲಿ ಗುಂಡು, ಅದರ ಕಡೆಗೆ ಸದ್ದಿಲ್ಲದೆ ಬರುತ್ತಿರುವ ಉದ್ದನೆಯ ಕಪ್ಪು, ಗುಂಡು, ನೇತಾಡುತ್ತ