ಐದು ಕಿಲೋ ಕುಚ್ಚಲಕ್ಕಿ

ಚಿತ್ರದ ನಡುವೆ ಒಬ್ಬ ಮುದುಕ ಟಾರು ನೆಲದ ಮೇಲೆ ಮೊಣಕಾಲೂರಿ ಕುಳಿತಿದ್ದಾನೆ. ಎರಡೂ ಕೈ ತಲೆಯ ಹಿಂದೆ. ಬೆರಳುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ತಿಳಿನೀಲಿ ಅಂಗಿ ಸೊಂಟದಿಂದ ಮೇಲೆ ಸರಿದು ಬನಿಯನ್ನಿನ ಅಂಚು ಕಾಣುತ್ತಿದೆ. ಸೊಂಟದ ಬಲಕ್ಕೆ ಪಿಸ್ತೂಲಿನ ಕಪ್ಪು ಚರ್ಮದ ಒರೆ. ಅದರ ಮೇಲೆ ಹೆಬ್ಬೆರಳಗಲದ ಕೆಂಪು. ಮುಂದೆ ಒಡೆದ ಅಕ್ಕಿಚೀಲ. ಕಂದುಗೆಂಪು ಕಾಳುಗಳು ಪಾರ್ಕಿಂಗಿನ ಬಿಳಿ ಗೆರೆ ದಾಟಿ, ಪೊಲೀಸನ ಬೂಟಿನ ತುದಿಯವರೆಗೆ ಹರಡಿವೆ. ನಡುಹಗಲು, ಎಲ್ಲರ ನೆರಳೂ ಕುಳ್ಳಗಿದೆ. ಎಡ ಅಂಚಿನಲ್ಲಿ ಅರ್ಧ ಟ್ರಾಲಿ, ಅದರಲ್ಲಿ ಒಂದು ಕಟ್ಟು ಕೊತ್ತಂಬರಿ, ಟ್ರಾಲಿ ಹಿಡಿದ ಕೈಯಲ್ಲಿ ಹಸಿರು ಕಲ್ಲಿನ ಉಂಗುರ. ಕೈಯ ಒಡೆಯ ಚಿತ್ರದಿಂದ ಹೊರಗಿದ್ದಾನೆ.

ಮುದುಕ ನಾನು. ಹೆಸರು ಪುರುಷೋತ್ತಮ, ಊರು ಕಾಪು, ಈಗ ಸಿಡ್ನಿಯ ಸ್ಕೋಫೀಲ್ಡ್ಸ್. ಚಿತ್ರ ತೆಗೆದವರಾರೋ ತಿಳಿಯದು. ನಮ್ಮ ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ಅದು ಒಂದು ಶುಭೋದಯದ ಹೂವಿಗೂ 'ರೆಂಟ್‌ಗೆ ರೂಮ್ ಇದೆ, ವೆಜ್ ಓನ್ಲಿ' ಎಂಬ ಜಾಹೀರಾತಿಗೂ ನಡುವೆ ಬಂದು ಕುಳಿತಿತು. ಮೂವರು ಕೈಮುಗಿದರು. ಒಬ್ಬ ಹೆಬ್ಬೆರಳೆತ್ತಿ, ಐದು ನಿಮಿಷದ ಮೇಲೆ ಇಳಿಸಿದ.

ಎಟಿಎಂಗಳಿಗೆ ಹಣ ಸಾಗಿಸುವ ಕಂಪನಿಯೊಂದರಲ್ಲಿ ನಾನು ಕಾವಲುಗಾರ. ಕಳ್ಳರಿಗೆ ಗುರುತು ಸಿಗಬಾರದೆಂದು ನಮ್ಮನ್ನು ಸಾದಾ ಅಂಗಿಯಲ್ಲಿ, ಸಾದಾ ಕಾರಿನಲ್ಲಿ ಕಳಿಸುತ್ತಾರೆ. ಪಿಸ್ತೂಲು ಅಂಗಿಯ ಕೆಳಗೆ. ಹಾಗೆ ಮರೆಯಾಗಿ ಒಯ್ಯಲು ಸರಕಾರದ ಲೈಸೆನ್ಸು, ಕಂಪನಿಯ ಪತ್ರ, ಎರಡೂ ಎದೆಯ ಜೇಬಿನಲ್ಲಿ ಇರುತ್ತವೆ. ಹನ್ನೊಂದು ವರ್ಷ ಆ ಪಿಸ್ತೂಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನೂ ಹೆಚ್ಚುಕಡಿಮೆ ಹಾಗೆಯೇ.

ಅಂದು ಆಯುಧಪೂಜೆ. ಪಿಸ್ತೂಲು ಮನೆಗೆ ತರುವಂತಿಲ್ಲ. ಅದರ ವಾಸ ಕಂಪನಿಯ ಕಬ್ಬಿಣದ ಕಪಾಟಿನಲ್ಲಿ. ಆದ್ದರಿಂದ ಮನೆಯಲ್ಲಿ ಈಳಿಗೆಮಣೆಗೂ ಕಾರಿಗೂ ಪೂಜೆ ಮುಗಿಸಿ, ಚಿಟಿಕೆ ಕುಂಕುಮವನ್ನು ಕಾಗದದಲ್ಲಿ ಕಟ್ಟಿಕೊಂಡು ಕೆಲಸಕ್ಕೆ ಹೋಗಿ, ಒರೆಗೆ ಒಂದು ಬೊಟ್ಟಿಟ್ಟೆ. ಅನ್ನ ಕೊಡುವ ವಸ್ತುವಿಗೆ ವರ್ಷಕ್ಕೊಂದು ಬೊಟ್ಟು ಹೆಚ್ಚಲ್ಲ. ಫಿಜಿಯಿಂದ ಬಂದ ಸೂಪರ್‌ವೈಸರ್ ನಕ್ಕು, "ನನ್ನ ಬೆನ್ನಿಗೂ ಒಂದು ಇಡು ಪುರು, ಅದೂ ಸರಿಯಾಗಿ ಕೆಲಸ ಮಾಡ್ತಿಲ್ಲ" ಎಂದ. ಇಟ್ಟೆ.

ಬೆಳಗಿನ ಸುತ್ತು ಮುಗಿದಿತ್ತು. ಊಟದ ಬಿಡುವಿನಲ್ಲಿ ಇಂಡಿಯನ್ ಅಂಗಡಿಗೆ ಹೋದೆ. ಕುಚ್ಚಲಕ್ಕಿಯನ್ನು ಯಾವ ದೇಶದ ಯಾವ ಅಂಗಡಿಯವನೂ ಕಣ್ಣಿನ ಮಟ್ಟದಲ್ಲಿ ಇಡುವುದಿಲ್ಲ. ಅಲ್ಲಿ ಬಾಸ್ಮತಿ ಮೆರೆಯುತ್ತಿರುತ್ತದೆ. ನಮ್ಮ ಅಕ್ಕಿಗೆ ಬಗ್ಗಲೇಬೇಕು. ಬಗ್ಗಿದೆ, ಅಂಗಿ ಸರಿಯಿತು. ಯಾರೋ ಕಂಡರು, ಯಾರೋ ಫೋನು ಮಾಡಿದರು. ಚೀಲವನ್ನು ಎರಡೂ ತೋಳಲ್ಲಿ ಮಗುವಿನಂತೆ ಅಪ್ಪಿಕೊಂಡು ಹೊರಬಂದಾಗ ಎದುರಿಗೆ ಇಬ್ಬರು ಪೊಲೀಸರು.

ಇಂಗ್ಲಿಷಿನ ಬೈಗುಳ ಕನ್ನಡಕ್ಕೆ ಬರುವಾಗ ಅದರ ಎಂಜಲು ಸ್ವಲ್ಪ ಒಣಗುತ್ತದೆ. ಆದರೂ ಬರೆಯುತ್ತೇನೆ.

"ಏಯ್ ಮುದುಕ! ಕೈ ಮೇಲೆ!" ಎಂದ, ಕಿವಿ ಕೆಂಪಾಗಿದ್ದ ಸಾರ್ಜೆಂಟು.

"ಬಿಟ್ಟರೆ ಒಡೀತದೆ ಸರ್."

"ಒಡೀಲಿ! ಕೈ ಎತ್ತು, ಬೋಳಿಮಗನೆ!"

ಬಿಟ್ಟೆ. ಒಡೆಯಿತು.

"ಜೇಬಲ್ಲಿ ಲೈಸೆನ್ಸ್ ಉಂಟು ಸರ್."

"ಕೇಳಿದ್ನಾ ನಿನ್ನ? ಬಾಯ್ಮುಚ್ಚಿ ನೆಲ ನೋಡು. ಇದು ಯಾರ ರಕ್ತ?"

"ರಕ್ತ ಅಲ್ಲ ಸರ್, ಕುಂಕುಮ. ಇವತ್ತು ಆಯುಧಕ್ಕೆ ಪೂಜೆ."

"ಬಂದೂಕಿಗೆ ಪೂಜೆ ಮಾಡ್ತಾನಂತೆ, ಕೇಳಿದ್ಯಾ?" ಎಂದು ಅವನು ಜೊತೆಯವನತ್ತ ತಿರುಗಿದ. "ಈ ಹುಚ್ಚುಸೂಳೆಮಗನ ಕೈಗೆ ಲೈಸೆನ್ಸು ಕೊಟ್ಟ ಮುಟ್ಠಾಳ ಯಾರು?"

ನೆಲ ನೋಡುತ್ತಲೇ ಕಡೆಗಣ್ಣಿನಲ್ಲಿ ಹಸಿರು ಉಂಗುರ ಕಂಡೆ. ನಮ್ಮ ಕೂಟದ ಅಧ್ಯಕ್ಷರು, ಮೈಸೂರಿನ ಡಾಕ್ಟರ್ ಚಂದ್ರಮೋಹನ್. "ಡಾಕ್ಟ್ರೇ!" ಎಂದು ಕೂಗಿದೆ. ಟ್ರಾಲಿ ಮೆಲ್ಲಗೆ ಹಿಂದೆ ಸರಿದು, ತಿರುಗಿ, ಕಾರುಗಳ ಸಾಲಿನಲ್ಲಿ ಕರಗಿತು. ಅದರ ಒಂದು ಚಕ್ರ ಕೀಚಲುಗುಟ್ಟುತ್ತಿತ್ತು.

ಇಪ್ಪತ್ತೆರಡು ನಿಮಿಷಗಳ ಬಳಿಕ ಸಾರ್ಜೆಂಟು ನನ್ನ ಜೇಬಿಗೆ ಕೈ ಹಾಕಿದ. ಕಾರ್ಡು ನೋಡಿದ, ಯಾರಿಗೋ ಫೋನು ಮಾಡಿದ. ಎಲ್ಲ ಸರಿಯಾಗಿತ್ತು. ಕಾರ್ಡನ್ನು ಅಕ್ಕಿಯ ಮೇಲೆ ಎಸೆದು, "ಈ ಕಸ ಬಳಿದು ಹೋಗು" ಎಂದ. ಕೈಯಲ್ಲೇ ಬಳಿದೆ. ಟಾರಿನ ಮೇಲಿನ ಅಕ್ಕಿ ಬಿಸಿಯಾಗಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಬೆಂದೀತು ಎನ್ನುವ ಹಾಗೆ.

ಮೂರನೆಯ ದಿನ ಕಾಗದ ಬಂತು: ಪೊಲೀಸರು ತಡೆದಾಗ ನಾನು ಸೊಂಟಕ್ಕೆ ಕೈ ಹಾಕಿದ್ದೆನಂತೆ, ವಿಚಾರಣೆ ಮುಗಿಯುವವರೆಗೆ ಲೈಸೆನ್ಸು ಅಮಾನತು. ಲೈಸೆನ್ಸಿಲ್ಲದ ಕಾವಲುಗಾರ ಅಲ್ಲಿಯವರೆಗೆ ಕಂಪನಿಗೆ ಬೇಡ.

ಹೆಂಡತಿ ಕುಸುಮಾವತಿ ಕಾಗದ ಓದಿ, ಮಡಚಿ, ಫ್ರಿಜ್ಜಿನ ಮೇಲೆ ಸಿಕ್ಕಿಸಿದಳು. "ಎರಡು ಕೈಯಲ್ಲೂ ಅಕ್ಕಿ ಇರುವಾಗ ಸೊಂಟಕ್ಕೆ ಹೋದದ್ದು ಯಾವ ಕೈ? ನಿಮಗೆ ಮೂರನೇದೊಂದು ಉಂಟಾ? ಇದ್ರೆ ಇಷ್ಟು ವರ್ಷ ಪಾತ್ರೆ ಯಾಕೆ ತೊಳೀಲಿಲ್ಲ?"

ನವೆಂಬರಿನಲ್ಲಿ ಡಾಕ್ಟರು ಮನೆಗೇ ಬಂದರು. ಕಾಫಿಗೆ ಸಕ್ಕರೆ ಬೇಡವೆಂದರು, ಸಬರ್ಬಿನ ರಸ್ತೆ ಬಹಳ ಸುಧಾರಿಸಿದೆ ಎಂದರು, ಆಮೇಲೆ ಒಂದು ಹಾಳೆ ಹೊರತೆಗೆದರು.

"ನೋಡಿ ಪುರುಷೋತ್ತಮ್ ಅವ್ರೇ, ಏನೋ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಗೋಯ್ತು. ದೀಪಾವಳಿ ಫಂಕ್ಷನ್‌ಗೆ ಅದೇ ಸಾರ್ಜೆಂಟನ್ನ ಚೀಫ್ ಗೆಸ್ಟ್ ಮಾಡಿದ್ದೀನಿ. ನೀವು ಸ್ಟೇಜ್ ಮೇಲೆ ಒಂದು ಶಾಲು ಹೊದಿಸಿ, ಇದಕ್ಕೊಂದು ಸೈನ್ ಹಾಕ್ಬಿಡಿ. ಲೈಸೆನ್ಸು ವಾಪಸ್ ಕೊಡಿಸೋ ಜವಾಬ್ದಾರಿ ನಂದು."

ಹಾಳೆಯಲ್ಲಿ ಬರೆದಿತ್ತು: ಗಾಬರಿಯಲ್ಲಿ ನನ್ನ ಕೈ ಸೊಂಟಕ್ಕೆ ಹೋಯಿತು, ಪೊಲೀಸರು ತಾಳ್ಮೆಯಿಂದ ವರ್ತಿಸಿದರು.

"ನೀವು ಅಲ್ಲೇ ಇದ್ರಿ ಡಾಕ್ಟ್ರೇ."

"ನಾನಾ? ನಾನು ಕೊತ್ತಂಬರಿ ತಗೊಳೋಕೆ ಹೋಗಿದ್ದೆ ಅಷ್ಟೇ."

"ಹಾಗಾದ್ರೆ ಕಂಡದ್ದು ಒಂದು ಮಾತು ಹೇಳಿ."

"ಅದೆಲ್ಲ ಯಾಕೆ ಬಿಡಿ. ನಾಳೆ ನಮ್ಮ ಹಾಲ್‌ಗೆ, ನಮ್ಮ ಮಕ್ಕಳಿಗೆ ಪೊಲೀಸ್ ಬೇಕಾಗುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ." ಅವರು ಎದ್ದರು. "ಆಂ, ಶನಿವಾರ ಕುರ್ಚಿ ಹಾಕೋಕೆ ಎಂದಿನಂತೆ ಬೇಗ ಬಂದ್ಬಿಡಿ."

ಅಂದು ಸಂಜೆ, ಹಾಳೆಯ ಸುದ್ದಿ ಹೇಗೋ ತಿಳಿದು, ಮೆಲ್ಬರ್ನಿನ ಕ್ಲೈಡ್ ನಾರ್ತಿನಿಂದ ರೋಶನ್ ಫೋನು ಮಾಡಿದ. ಹಿಂದೆ ನಮ್ಮ ಕಂಪನಿಯಲ್ಲೇ ಇದ್ದವನು. ಎರಡು ವರ್ಷದ ಕೆಳಗೆ ಅವನನ್ನೂ ಪೊಲೀಸರು ಹೀಗೆಯೇ ನೆಲಕ್ಕೆ ಕೂರಿಸಿದ್ದರು. ಇಂಥದೇ ಒಂದು ಹಾಳೆಗೆ ಅವನು ಸಹಿ ಹಾಕಿದ್ದ.

"ಪುರುಷಣ್ಣ, ಸೈನ್ ಗೀನ್ ಹಾಕ್ಬೇಡಿ ಮಾರಾಯ್ರೆ. ಆಗ ಲೈಸೆನ್ಸು ವಾಪಸ್ ಕೊಟ್ರು, ಬೆನ್ನು ತಟ್ಟಿದ್ರು. ಇಲ್ಲಿ ಬಂದು ಹೊಸ ಲೈಸೆನ್ಸಿಗೆ ಅರ್ಜಿ ಹಾಕಿದ್ರೆ ಆ ಹಾಳೆ ನನಗಿಂತ ಮೊದಲೇ ಬಂದು ಕೂತಿದೆ. 'ಪೊಲೀಸರನ್ನು ಬೆದರಿಸಿದ್ದು ನೀನೇ ಒಪ್ಪಿದ್ದೀಯಲ್ಲ' ಅಂತ. ಈಗ ಪಾರ್ಸೆಲ್ ಹಂಚ್ತಾ ಇದ್ದೇನೆ. ನಾಯಿಗಳಿಗೆಲ್ಲ ನನ್ನ ಪರಿಚಯ ಉಂಟು."

"ಸೈನ್ ಹಾಕದಿದ್ರೆ ಕೆಲಸ ಹೋಗ್ತದೆ."

"ಹಾಕಿದ್ರೂ ಹೋಗ್ತದೆ. ಹಾಕಿದ್ರೆ ಮರ್ಯಾದೆಯೂ ಒಟ್ಟಿಗೆ ಹೋಗ್ತದೆ, ಅಷ್ಟೆ."

ಶನಿವಾರ ಬೆಳಿಗ್ಗೆ ಅದೇ ಅಂಗಡಿಗೆ ಹೋಗಿ, ಬಗ್ಗಿ, ಅದೇ ಅಕ್ಕಿ ತಂದೆ. ಕೂಟದ ಹಾಲ್‌ನಲ್ಲಿ ಇನ್ನೂರು ಕುರ್ಚಿ ಹಾಕಿದೆ. ಮುಂದಿನ ಸಾಲು ಡಾಕ್ಟರುಗಳಿಗೆ, ಎಂಜಿನಿಯರುಗಳಿಗೆ. ಕುಸುಮಾವತಿ ಎಂದಿನಂತೆ ಅಡಿಗೆಮನೆಯಲ್ಲಿ, ಬಿಸಿಬೇಳೆಬಾತಿನ ಹಬೆಯ ನಡುವೆ. ದೀಪ ಬೆಳಗಿಸಿದರು. ಹುಡುಗಿಯರು ಕುಣಿದರು. ಸಾರ್ಜೆಂಟು ಹಣೆಯ ಮೇಲೆ ಕುಂಕುಮ ಇಡಿಸಿಕೊಂಡು, ಅದು ಏನೆಂದು ಯಾರನ್ನೂ ಕೇಳದೆ, ನಗುತ್ತಾ ಕುಳಿತಿದ್ದ.

"ಈಗ ನಮ್ಮ ಪುರುಷೋತ್ತಮ್ ಅವರಿಂದ ಸನ್ಮಾನ" ಎಂದರು ಡಾಕ್ಟರು ಮೈಕಿನಲ್ಲಿ. ಮೇಜಿನ ಮೇಲೆ ಹಾಳೆ, ಪೆನ್ನು.

ನಾನು ಎರಡೂ ತೋಳಲ್ಲಿ ಶಾಲು ಅಪ್ಪಿಕೊಂಡು ವೇದಿಕೆ ಹತ್ತಿದೆ. ಶಾಲು ಉಬ್ಬಿತ್ತು. ಸಾರ್ಜೆಂಟು ಎದ್ದು ಎರಡೂ ಕೈ ಚಾಚಿದ. ಅವನ ತೋಳಿನಲ್ಲಿಟ್ಟು, ಶಾಲನ್ನು ಮಾತ್ರ ಮೆಲ್ಲಗೆ ಎಳೆದುಕೊಂಡೆ. ಐದು ಕಿಲೋ ಕುಚ್ಚಲಕ್ಕಿ ಅವನ ಎದೆಗೊರಗಿ ಉಳಿಯಿತು.

"ಕೈ ಮೇಲೆ, ಸರ್" ಎಂದೆ. ಮೆತ್ತಗೆಯೇ, ಇಂಗ್ಲಿಷಿನಲ್ಲಿಯೇ.

ಇದು ಹಬ್ಬದ ಆಟವೆಂದು ಅವನು ಭಾವಿಸಿರಬೇಕು. ಸಭೆಯತ್ತ ನಗುತ್ತಾ, "ಬಿಟ್ಟರೆ ಒಡೆದುಹೋಗುತ್ತೆ, ಮೇಟ್" ಎಂದ.

"ಅವತ್ತು ನಾನೂ ಅದನ್ನೇ ಹೇಳಿದ್ದೆ."

ಅವನ ಕಿವಿ ಮತ್ತೆ ಕೆಂಪಾಯಿತು. ಅಡಿಗೆಮನೆಯ ಕಡೆಯಿಂದ ಒಂದು ನಗು ಸಿಡಿಯಿತು. ಅದರ ಹಿಂದೆ ನಾಲ್ಕಾರು. ಮುಂದಿನ ಸಾಲು ತುಟಿ ಬಿಗಿದು ಕುಳಿತಿತು.

ನಾನು ಡಾಕ್ಟರತ್ತ ತಿರುಗಿದೆ. "ನೀವು ಕಂಡದ್ದು ಹೇಳಿ ಡಾಕ್ಟ್ರೇ. ನನ್ನ ಯಾವ ಕೈ ಸೊಂಟಕ್ಕೆ ಹೋಯ್ತು?"

ಮೈಕು ಅವರ ಉಂಗುರದ ಕೈಯಲ್ಲಿತ್ತು. ಇನ್ನೂರು ಜನ ಕಾದರು. ಅವರು ಬಾಯಿ ತೆರೆದರು, ಸಾರ್ಜೆಂಟನನ್ನು ನೋಡಿದರು, "ಈಗ ಎಲ್ಲರೂ ಊಟಕ್ಕೆ..." ಎಂದರು.

ಶಾಲನ್ನು ಮಡಚಿ ಆ ಹಾಳೆಯ ಮೇಲಿಟ್ಟೆ. ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದರು, ಒಣಗೀತೆಂದು ಹಾಕಿದೆ. ನಾನೇ ಹಾಕಿದ ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದೆ. ಹಿಂದಿನಿಂದ ಕುಸುಮಾವತಿಯ ದನಿ: "ಅಕ್ಕಿ ಅಲ್ಲೇ ಬಿಟ್ಟು ಬಂದ್ರಲ್ಲ ಮಾರಾಯ್ರೆ!"

"ಇರ್ಲಿ" ಎಂದೆ. "ಅವರು ಹಿಡ್ಕೊಂಡಿರ್ಲಿ."

ಹಾಲ್‌ನ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಜಾತಿಯದು, ಬಹಳ ನಿಧಾನ. ಮೆಟ್ಟಿಲಿಳಿಯುವವರೆಗೂ ಮೈಕಿನ ಕೀರಲು ಕೇಳಿಸುತ್ತಿತ್ತು. ಆಮೇಲೆ, ನನ್ನ ಬೆನ್ನ ಹಿಂದೆ, ಬಾಗಿಲು ಮುಚ್ಚಿತು.