ಪೀಠದ ಕಲ್ಲಿನ ಮೀನು

ತೊಂಬತ್ತಾರನೇ ಇಸವಿಯಲ್ಲಿ ತೆರಕಣಾಂಬಿಯ ಪುಟ್ಟಬಸಪ್ಪನವರು ಹೊಸ ಮನೆ ಕಟ್ಟಿಸುವಾಗ ದೇವರ ಪೀಠಕ್ಕೆಂದು ರಾಜಸ್ಥಾನದ ಹಳದಿ ಕಲ್ಲು ತರಿಸಿದರು. ಸುತ್ತಮುತ್ತ ಎಲ್ಲರದೂ ಕರಿಕಲ್ಲೇ. ಇವರಿಗೆ ಹಳದಿಯೇ ಆಗಬೇಕು. ಅದಕ್ಕೆ ಪಾಲಿಶ್ ಹಾಕಲು ಮೇಸ್ತ್ರಿ ಶಿವಶಂಕರ ಭೀಮನಬೀಡಿನಿಂದ ಶಾಂತರಾಜುವನ್ನು ಕರೆಸಿದ. ರಾಚಯ್ಯನ ಮಗ, ಇಪ್ಪತ್ತನಾಲ್ಕರವನು. ಕೈ ಒಳ್ಳೆಯದು, ಕೋಪ ಮೂಗಿನ ತುದಿಯಲ್ಲೇ. ಅಪ್ಪ ಈ ಮನೆತನದವರನ್ನು 'ಬುದ್ಧಿ' ಎನ್ನುತ್ತಿದ್ದ. ಮಗ 'ಯಜಮಾನ್ರೆ' ಎನ್ನುತ್ತಾನೆ, ಅದನ್ನೂ ಹಲ್ಲು ಕಚ್ಚಿಕೊಂಡು.

ಅಂಗಳದಲ್ಲಿ ಕಲ್ಲು ಮಲಗಿಸಿ, ನೀರು ಬಿಟ್ಟುಕೊಂಡು ಮಿಷನ್ ಹಿಡಿದ. ಎರಡನೇ ಸುತ್ತಿನಲ್ಲಿ ಕಂದು ಗೆರೆಯೊಂದು ಎದ್ದಿತು. ಕಲೆ ಇರಬೇಕೆಂದು ಇನ್ನಷ್ಟು ಉಜ್ಜಿದ. ಉಜ್ಜಿದಷ್ಟೂ ಕಲೆಗೆ ಬೆನ್ನುಮೂಳೆ ಬಂತು, ಮುಳ್ಳು ಬಂದವು, ಕಣ್ಣಿನ ಗುಳಿ ಬಂತು. ಗೇಣುದ್ದದ ಮೀನು. ಅದರ ಬಾಯಿಂದ ಇನ್ನೊಂದು ಮೀನಿನ ಬಾಲ ಹೊರಗೆ ಚಾಚಿತ್ತು.

ಬಟ್ಟೆಯಲ್ಲಿ ನೀರೊರೆಸಿ ಬಗ್ಗಿ ನೋಡಿದ. ಚಿಕ್ಕದು ಅಷ್ಟೇನೂ ಚಿಕ್ಕದಲ್ಲ. ಅರ್ಧ ಒಳಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಂಡಿದೆ. ನುಂಗಲೂ ಆಗದೆ, ಉಗುಳಲೂ ಆಗದೆ, ದೊಡ್ಡದೂ ಅದರ ಜೊತೆಯಲ್ಲೇ ಕೆಸರಿಗೆ ಬಿದ್ದಿದೆ. ಶಾಂತರಾಜು ಏಳನೇ ಕ್ಲಾಸಿನ ನಡುವೆ ಸ್ಕೂಲು ಬಿಟ್ಟವನು. ವಿಜ್ಞಾನದ ಪುಸ್ತಕದ ಒಂದು ಪದ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಎರಡು ಬೀಡಿ ಸೇದುವಷ್ಟು ಹೊತ್ತು ಹಾಗೇ ಕೂತ. ಬೀಡಿ ಹಚ್ಚುವುದು ಮರೆತೇ ಹೋಗಿತ್ತು.

"ಏನ್ಲಾ, ಕಲ್ಲಿಗೆ ಪೂಜೆ ಮಾಡ್ತಿದ್ದೀಯಾ?" ಎನ್ನುತ್ತ ಶಿವಶಂಕರ ಬಂದ. ಹಿಂದೆಯೇ ಪುಟ್ಟಬಸಪ್ಪನವರು. ವಿಭೂತಿಯ ಹಣೆ ಗಂಟಿಕ್ಕಿತು.

"ಮೀನು! ನಮ್ಮ ದೇವ್ರ ಮನೆಗೆ ಮೀನು!"

"ಅದು ಪಳೆಯುಳಿಕೆ ಯಜಮಾನ್ರೆ," ಎಂದ ಶಾಂತರಾಜು.

ಆ ಪದ ಪುಟ್ಟಬಸಪ್ಪನವರು ಕೇಳಿದ್ದಲ್ಲ. ಆರು ತಿಂಗಳಿಂದ ಕಲ್ಲು ಕೆಲಸದವರ ಸದ್ದು ಕೇಳಿ ಕೇಳಿ ಹದಗೊಂಡ ಕಿವಿಗೆ ಬಿದ್ದದ್ದು ಉಳಿಯೊಂದೇ.

"ಕೇಳುದ್ಯಾ ಶಿವಶಂಕ್ರ? ಹಳೇ ಉಳಿ ಕೆಲ್ಸವಂತೆ! ಉಳಿ ತಕಂಡು ಕೆತ್ಬುಟ್ಟು, ಬಾಯ್ಬುಟ್ಟು ಬ್ಯಾರೆ ಯೋಳ್ತಾವ್ನೆ."

"ಉಳಿ ಅಲ್ಲ, ಉಳಿಕೆ. ಕೋಟಿ ವರ್ಸದ ಹಿಂದಿನ ಮೀನು."

"ಕೋಟಿ ವರ್ಸ ಆದ್ರೂ ಮೀನು ಮೀನೇ ಕಣ್ಲಾ. ನಮ್ಮುನ್ನ ಅಣಕ್ಸಕ್ಕೇ ಮಾಡಿದ್ದೀಯ. ನಿಮ್ಮಪ್ಪ ನಮ್ಮೆದ್ರಿಗೆ ತಲೆ ಎತ್ತಿದವನಲ್ಲ."

ಶಾಂತರಾಜು ಕೈಯಲ್ಲಿದ್ದ ಒದ್ದೆ ಬಟ್ಟೆ ಹಿಂಡಿದ. ನೀರು ಖಾಲಿಯಾದ ಮೇಲೂ ಹಿಂಡಿದ.

"ಜಗಳ ಯಾಕೆ?" ಎಂದ ಶಿವಶಂಕರ. "ಇನ್ನೊಂದು ಸುತ್ತು ಹೊಡಿ. ಕೆತ್ತಿದ್ದಾದ್ರೆ ಪೂರ್ತಿ ಅಳಿಸೋಯ್ತದೆ. ಕಲ್ಲಿನೊಳಗಿಂದಾದ್ರೆ ಕೆಳಗೂ ಮುಳ್ಳು ಏಳ್ತದೆ. ನಿನ್ನ ಮಾತೂ ಉಳೀತದೆ, ಕೆಲ್ಸವೂ ಉಳೀತದೆ. ಆಮೇಕೆ ಅದ್ನೂ ಉಜ್ಜಾಕಿ ಪೀಠ ಮಾಡನ."

ಮಾತು ಸರಿಯಾಗಿತ್ತು. ಬೆನ್ನುಮೂಳೆ ಆಳಕ್ಕಿಳಿದಿದ್ದು ಶಾಂತರಾಜುವಿಗೆ ಗೊತ್ತಿತ್ತು. ಬಾಯಿ ಇದ್ದದ್ದು ಮಾತ್ರ ತೀರಾ ಮೇಲೆ, ಉಗುರಿನ ದಪ್ಪ. ಮೊದಲು ಹೋಗುವುದು ಅದೇ. ಅದು ಹೋದರೆ ಉಳಿಯುವುದು ಬರೀ ಒಂದು ಮೀನಿನ ಮುಳ್ಳು. ಯಾರು ಯಾರನ್ನು ನುಂಗಹೊರಟಿದ್ದರು, ಯಾಕೆ ಆಗಲಿಲ್ಲ ಎಂಬುದೆಲ್ಲ ಹಳದಿ ನೀರಿನ ಜೊತೆ ಚರಂಡಿಗೆ.

ಮಿಷನ್ ಹಚ್ಚಿದ. ಕಲ್ಲಿನ ಹತ್ತಿರ ತಂದ. ಇಬ್ಬರೂ ಬಗ್ಗಿ ನೋಡುತ್ತಿದ್ದರು. ಸ್ವಿಚ್ ಆರಿಸಿದ.

"ನಾನೇ ಕೆತ್ತಿದ್ದು."

"ಲೇ!" ಎಂದ ಶಿವಶಂಕರ.

"ಹೂಂ ಕಣ. ಉಳಿ ಕೆಲ್ಸನೇ. ಏನೀವಾಗ?"

ಪುಟ್ಟಬಸಪ್ಪನವರಿಗೆ ಸಮಾಧಾನವಾದಂತೆ ಕಂಡಿತು. "ಎತ್ಕಂಡು ಓಗು. ಆ ಕಲ್ಲು ನಮ್ಮ ಹೊಸ್ಲು ದಾಟಬಾರ್ದು. ನೀನೂ ಅಷ್ಟೆ."

ಶಾಂತರಾಜು ಆ ಹೊಸ್ತಿಲನ್ನು ದಾಟಿದವನೇ ಅಲ್ಲ. ಅವನ ಕೆಲಸ, ಊಟ ಎಲ್ಲ ಅಂಗಳದಲ್ಲೇ ಮುಗಿಯುತ್ತಿತ್ತು.

ಕಲ್ಲನ್ನು ಗೋಣಿಚೀಲಕ್ಕೆ ಹಾಕಿ ಹೆಗಲಿಗೇರಿಸಿದ. ಶಿವಶಂಕರ ಗೇಟಿನ ತನಕ ಬಂದ.

"ಸುಳ್ಳು ಯಾಕ್ಲಾ ಒಪ್ಕಂಡೆ? ಈ ಸುದ್ದಿ ಚಾಮರಾಜನಗರದ ಗಂಟ ಓಯ್ತದೆ. ಇನ್ಯಾರ್ಲಾ ನಿನ್ನ ಕೆಲ್ಸಕ್ಕೆ ಕರೀತಾರೆ?"

"ಕರೀದಿದ್ರೆ ಬುಡು."

ಗುಂಡ್ಲುಪೇಟೆ ಬಸ್ಸಿನಲ್ಲಿ ಮೂಟೆಯನ್ನು ಎರಡು ಕಾಲಿನ ನಡುವೆ ನಿಲ್ಲಿಸಿಕೊಂಡ. ಬಸ್ಸು ಕುಲುಕಿದಾಗಲೆಲ್ಲ ಮಂಡಿಯಿಂದ ಅದುಮಿ ಹಿಡಿದ.

"ಮೂಟೇಲೇನಣ್ಣ?" ಎಂದ ಕಂಡಕ್ಟರು.

"ಮೀನು."

"ವಾಸ್ನೆ ಬಂದ್ರೆ ಇಳ್ಸ್‌ಬುಡ್ತೀನಿ."

"ಬರಲ್ಲ."

ಕಂಡಕ್ಟರು ಮೂಟೆಯ ಕಿವಿ ಹಿಡಿದು ಎತ್ತಲು ನೋಡಿದ. ಅದು ಕದಲಲಿಲ್ಲ.

"ಅಯ್ಯಪ್ಪಾ! ಯಾವ ಕೆರೇದಣ್ಣ ಇದು?"

"ಒಣಗೋದ ಕೆರೇದು," ಎಂದು ಶಾಂತರಾಜು ಲಗೇಜಿಗೂ ಸೇರಿಸಿ ಟಿಕೆಟ್ ಕೇಳಿದ.