ಬೆಲ್ಲ ಹಾಕದ ಸಮನು

೨೦೨೫ರ ಮಾರ್ಚ್ ೧೯, ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಪುಷ್ಪಲತಾ ಮೊಳಕೆ ಗೋಧಿಯ ಹಾಲಿಗೆ ಹಿಟ್ಟು ಕಲಸಿ ಸಣ್ಣ ಉರಿಯಲ್ಲಿಟ್ಟಳು. ಇರಾನಿನವರು ಹೊಸವರ್ಷಕ್ಕೆ ಮಾಡುವ ಸಮನು ಅದು. ಸಕ್ಕರೆ ಹಾಕುವಂತಿಲ್ಲ, ಮೊಳಕೆಯೇ ಹಿಟ್ಟನ್ನು ಸಿಹಿ ಮಾಡಬೇಕು. ಹೋದ ವಾರ ಉರಿ ಜೋರಾಗಿ ಬರೀ ಅಂಟಾಗಿತ್ತು. ಇವತ್ತೂ ಕೆಟ್ಟರೆ ಮನೆಯ ಮುಂದಿನ ಕೋಣೆಯಲ್ಲಿ ಸಿಹಿತಿಂಡಿ ಅಂಗಡಿ ಇಡುವ ಮಾತೇ ಎತ್ತಬಾರದೆಂದು ಅತ್ತೆ ದುರುಗಮ್ಮ ಷರತ್ತು ಹಾಕಿದ್ದಳು.

"ಬೆಲ್ಲ ಇಲ್ದೆ ಸಿಹಿ ಹೆಂಗಾಕೈತೆ? ಕಾಲೇಜಲ್ಲಿ ಇದನ್ನೇ ಕಲಿಸಿದ್ರೇನೇ?" ಎಂದು ಗೊಣಗುತ್ತಲೇ ದುರುಗಮ್ಮ ಮಧ್ಯಾಹ್ನದವರೆಗೂ ಒಲೆಯ ಬಳಿಯಿಂದ ಕದಲಲಿಲ್ಲ.

ಪಾಕ ಕಂದುಬಣ್ಣಕ್ಕೆ ತಿರುಗಿದಾಗ ಪುಷ್ಪಲತಾ ಸೌಟು ಚಾಚಿದಳು. "ನೋಡ್ರಿ ಅತ್ತೆ."

ದುರುಗಮ್ಮ ನೆಕ್ಕಿದಳು, ಇನ್ನೊಮ್ಮೆ ನೆಕ್ಕಿದಳು. "ಕದ್ದು ಬೆಲ್ಲ ಹಾಕೀಯೇನೇ?"

"ನೀವೇ ಕಾವಲಿದ್ರಲ್ರೀ!"

ಅತ್ತೆ ನಕ್ಕು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹರಿಹರದ ತವರಿನಿಂದ ತಂದ ಬೆಲ್ಲದ ತುಂಡಿತ್ತು.

"ಸಿಹಿ ಆಗ್ಲಿಲ್ಲಂದ್ರೆ ನಾನೇ ಕದ್ದು ಹಾಕಾಣ ಅಂತ ಇಟ್ಕಂಡಿದ್ದೆ. ಈಗ ಬ್ಯಾಡ ಬಿಡು. ನಾಳೆ ಕೋಣೆ ಖಾಲಿ ಮಾಡ್ಸು."

ಅತ್ತೆ ತನಗಾಗಿ ಎಷ್ಟು ಬಚ್ಚಿಟ್ಟಿದ್ದಳೆಂದು ನೋಡಲು ಪುಷ್ಪಲತಾ ಆ ತುಂಡನ್ನು ಅಡುಗೆಯ ತಕ್ಕಡಿಯ ಮೇಲಿಟ್ಟಳು. ಅರವತ್ತೆರಡು ಗ್ರಾಂ.